ಅಕ್ಷರ ಚಿಕ್ಕದಾಗುವುದಕ್ಕೆ ಮೊದಲು

ನಕ್ಷೆಗಾರರ ಕೈಯನ್ನು ನೋಡುವುದಕ್ಕೆ ಮೊದಲು ನಾನು ನೋಡಿದ್ದು ಅವರ ಸಹಿಯನ್ನು. ಆಸ್ಪತ್ರೆಯ ದಾಖಲಾತಿ ಕಾಗದದ ಮೇಲೆ ಅದು ಕಡಲೆಕಾಳಿನ ಗಾತ್ರದಲ್ಲಿ ಶುರುವಾಗಿ, ಸಾಸಿವೆಯಷ್ಟಾಗಿ, ಕೊನೆಯ ಎರಡು ಅಕ್ಷರ ಇದ್ದೂ ಇಲ್ಲದಂತೆ ಗೆರೆಯೊಳಗೆ ಸೇರಿಹೋಗಿತ್ತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಬರವಣಿಗೆ ಹೀಗೆ ಕುಗ್ಗುತ್ತದೆಂದು ಓದಿದ್ದೆ. ಕುರ್ಚಿಯಿಂದ ಏಳದೆಯೇ ರೋಗ ಕಂಡುಹಿಡಿದೆನಲ್ಲ ಎಂದು ಹಿಗ್ಗಿದೆ. ಪದವಿ ಕೈಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನು ಹೌಸ್ ಫಿಸಿಷಿಯನ್, ಎಂದರೆ ವಾರ್ಡಿನ ಕಿರಿಯ ವೈದ್ಯ.

ನಕ್ಷೆಗಾರರಿಗೆ ಐವತ್ತೆರಡು ವರ್ಷ. ಧಾರವಾಡದ ಕಡೆಯವರು. ವಡಾಲದ ಒಂದು ಕಚೇರಿಯಲ್ಲಿ ಗೋದಾಮು, ರೈಲುಹಳಿ, ಚರಂಡಿಗಳ ನಕ್ಷೆ ಬರೆಯುವ ಕೆಲಸ; ಮನೆ ಘಾಟ್ಕೋಪರಿನ ಒಂದು ಚಾಳಿನ ಮೂರನೇ ಮಾಳಿಗೆಯಲ್ಲಿ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಕಾಣದ ಗುಳಿಗೆಯೊಂದನ್ನು ಹೊಸೆಯುತ್ತಲೇ ಇದ್ದವು. ಮೊಣಕೈ ಹಿಡಿದು ಮಡಚಿದರೆ ಹಲ್ಲುಚಕ್ರ ತಿರುಗಿದಂತೆ ತಡೆತಡೆದು ಬರುತ್ತಿತ್ತು. ಮುಖದಲ್ಲಿ ಒಂದು ಗೆರೆಯೂ ಅಲುಗದು, ರೆಪ್ಪೆ ಬಡಿಯುವುದೂ ಅಪರೂಪ. ಪುಸ್ತಕದಲ್ಲಿ ಇದಕ್ಕೆ ಮುಖವಾಡದ ಮುಖ ಎನ್ನುತ್ತಾರೆ.

"ಏನು ತೊಂದರೆ?" ಎಂದು ಕೇಳಿದೆ. ಅವರು ಗೋಡೆ ನೋಡಿದರು. ಉತ್ತರ ಹೇಳಿದವರು ಅವರ ಹೆಂಡತಿ.

"ಕೈ ನಡಗೂದು ನೀವ ನೋಡಾಕತ್ತೀರಿ. ಅದಲ್ರಿ ನನಗ ಚಿಂತಿ. ಊಟಾ ಬಿಟ್ಟಾರ. ಮಾತ ಬಿಟ್ಟಾರ. ಗ್ಯಾಲರಿ ಕಟಕಟಿ ಹಿಡಕೊಂಡು ಕೆಳಗ ನೋಡ್ಕೋತ ನಿಂದರತಾರ, ತಾಸುಗಟ್ಟಲೆ. ನಳಕ್ಕ ನೀರು ಬಂದ್ರೂ ನಾ ಕೆಳಗ ಇಳಿಯೂದಿಲ್ರಿ, ಇವರನ್ನ ಬಿಟ್ಟು."

ನಾನು ಅದನ್ನು ಕೇಸ್ ಪೇಪರಿನಲ್ಲಿ ಬರೆದುಕೊಂಡೆ. ಬರೆದುಕೊಂಡೆ ಅಷ್ಟೆ. ನಡುಕ ಮತ್ತು ಬಿಗಿತಕ್ಕೆ ಆಗ ಬಂದಿದ್ದ ಹೊಸ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ಎರಡು ದಿನಕ್ಕೊಮ್ಮೆ ಏರಿಸುತ್ತ ಹೋಗುವುದೆಂದು ಗೊತ್ತುಮಾಡಿದೆವು. ಬಾಯಿ ಒಣಗುತ್ತದೆಯೆ, ಮೂತ್ರ ಕಟ್ಟುತ್ತದೆಯೆ, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆಯೆ ಎಂದು ದಿನವೂ ನೋಡಬೇಕು. ಗ್ಯಾಲರಿಯ ವಿಷಯ ಕೇಳಿ ವಾರ್ಡ್ ಸಿಸ್ಟರು ಅವರ ಮಂಚವನ್ನು ಕಿಟಕಿಯಿಂದ ದೂರ, ತಮ್ಮ ಮೇಜಿನ ಎದುರಿಗೆ ಹಾಕಿಸಿದರು. ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು.

ಪಕ್ಕದ ಮಂಚದಲ್ಲಿ ಅದೇ ಕಾಯಿಲೆಯ ಇನ್ನೊಬ್ಬರಿದ್ದರು: ಉಡುಪಿ ಕಡೆಯ ಅಡುಗೆಯವರು, ಮಾಟುಂಗದ ಹೋಟೆಲಿನಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ನಿಂತವರು. ನಾನೂ ಮಾಟುಂಗದಲ್ಲೇ ಬೆಳೆದವನು, ಮನೆಯ ಮಾತು ಅವರದ್ದೇ, ಹಾಗಾಗಿ ಸಲಿಗೆ. ಅವರ ನಡುಕ ನಕ್ಷೆಗಾರರದ್ದರ ಎರಡರಷ್ಟು. ಮುಖ ಅಷ್ಟೇ ಮರಗಟ್ಟಿದ್ದು. ಆ ಮುಖದಿಂದಲೇ ಅವರು ತಮಾಷೆ ಮಾಡುತ್ತಿದ್ದರು.

"ನನಗೆ ಮಜ್ಜಿಗೆ ಕೊಡಬೇಡಿ ಮಾರಾಯ್ರೆ," ಎಂದು ಒಂದು ದಿನ ಸಿಸ್ಟರಿಗೆ ಹೇಳಿದರು. "ಹಾಲು ಕೊಡಿ ಸಾಕು. ಲೋಟ ಬಾಯಿಗೆ ಬರುವಷ್ಟರಲ್ಲಿ ಬೆಣ್ಣೆಯೇ ಬರ್ತದೆ."

ಹಾಸ್ಯ ಎಂದು ತಿಳಿಯಬೇಕಾದರೆ ಮಾತನ್ನು ಕೇಳಬೇಕಿತ್ತು; ಮುಖ ನೋಡಿದರೆ ಸಾವಿನ ಸುದ್ದಿ ಹೇಳಿದಂತಿತ್ತು.

ವಾರಕ್ಕೆ ಎರಡು ಸಲ ಬರುತ್ತಿದ್ದ ಮನೋವೈದ್ಯರು ನಕ್ಷೆಗಾರರ ಹತ್ತಿರ ಮುಕ್ಕಾಲು ಗಂಟೆ ಕುಳಿತು, ಕಾಗದದ ಮೇಲೆ ಎರಡು ಸಾಲು ಬರೆದರು: ತೀವ್ರ ಖಿನ್ನತೆ, ವಿದ್ಯುತ್ ಚಿಕಿತ್ಸೆ ಕೊಡುವುದು ಒಳ್ಳೆಯದು. ಓದಿ ನನಗೆ ಸಿಟ್ಟು ಬಂತು. ಯಾರಿಗೆ ಏನೇ ಆದರೂ ಮನಸ್ಸಿನ ಮೇಲೆ ಹಾಕುವ ಮಂದಿ ಇವರು ಎಂಬ ಅನುಮಾನ ನನಗೆ ಕಾಲೇಜಿನಿಂದಲೇ ಇತ್ತು.

ನಮ್ಮ ಮುಖ್ಯ ವೈದ್ಯರದ್ದು ಒಂದು ಪದ್ಧತಿ. ಒಪ್ಪಿಗೆಯಾಗದ ಪ್ರಕರಣವನ್ನು ಶನಿವಾರದ ಸಭೆಗೆ ತರುತ್ತಿದ್ದರು. ಒಬ್ಬ ಪರವಾಗಿ, ಒಬ್ಬ ವಿರುದ್ಧವಾಗಿ ಮಾತಾಡಬೇಕು. ತಲಾ ಹತ್ತು ನಿಮಿಷ. ಕೊನೆಗೆ ಅವರ ತೀರ್ಪು. ಯುವಕರ ಬುದ್ಧಿ ಮೊನಚಾಗಲಿ ಎಂದು ಮಾಡಿದ್ದು. ನಾನು ಆರು ವರ್ಷ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು. ಆ ಸಭೆ ನನಗೆ ಹಬ್ಬ.

ಮನೋವೈದ್ಯರು ಮೊದಲು ಮಾತಾಡಿದರು. ಮೆಲುದನಿ, ಹಿಂದಿನ ಸಾಲಿಗೆ ಕೇಳಿಸಿರಲಾರದು. ಬೆಳಗಿನ ಜಾವ ಎಚ್ಚರ, ಬೆಳಿಗ್ಗೆ ಹೆಚ್ಚು ಕುಗ್ಗು, ಸಂಜೆಗೆ ತುಸು ಹಗುರ, ಊಟ ಬೇಡ, ತಾನು ಏನೋ ದೊಡ್ಡ ತಪ್ಪು ಮಾಡಿದ್ದೇನೆಂಬ ಭಾವನೆ: ಇಷ್ಟು ಹೇಳಿ ಕುಳಿತರು.

ನಾನು ಎದ್ದೆ. "ಇಪ್ಪತ್ತೈದು ವರ್ಷ ಗೆರೆ ಎಳೆದು ಬದುಕಿದ ಮನುಷ್ಯನ ಕೈ ಹೋಗಿದೆ. ಅವನು ದುಃಖಪಡದೆ ಇದ್ದಿದ್ದರೆ ಮನೋವೈದ್ಯರನ್ನು ನಾನೇ ಕರೆಸುತ್ತಿದ್ದೆ. ಕಾರಣವಿರುವ ದುಃಖಕ್ಕೆ ಕಾಯಿಲೆ ಎಂದು ಹೆಸರಿಟ್ಟರೆ ನಾಳೆ ಗಂಡ ಸತ್ತವಳಿಗೂ ಕರೆಂಟು ಹಿಡಿಯಬೇಕಾದೀತು." ಆಮೇಲೆ ಎರಡನೆಯ ಏಟು. ಅಲುಗದ ಮುಖ, ತಗ್ಗಿದ ದನಿ, ನಿಧಾನ ನಡೆ ಇವೆಲ್ಲ ಪಾರ್ಕಿನ್ಸನ್ನಿನ ಲಕ್ಷಣಗಳು. ಅವನ್ನೇ ಮತ್ತೊಂದು ಪಟ್ಟಿಗೆ ಸೇರಿಸಿ ಎರಡನೆಯ ರೋಗ ಹುಟ್ಟಿಸುವುದು ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆಗೆ ಹತ್ತಿಸಿದಂತೆ. ಗುಳಿಗೆ ಕೈಯನ್ನು ಸಡಿಲಿಸಲಿ, ಮನಸ್ಸು ತಾನಾಗಿ ಸಡಿಲವಾಗುತ್ತದೆ. ಇಷ್ಟು ಬಿಗಿಯಾದ ಬೆನ್ನಿಗೆ ಕರೆಂಟು ಕೊಟ್ಟು ಮೂಳೆ ಮುರಿದರೆ ಯಾರು ಜವಾಬ್ದಾರರು?

ಸಭೆಯವರು ಮೆಚ್ಚಿ ಮೇಜು ಕುಟ್ಟಿದರು. ಮುಖ್ಯ ವೈದ್ಯರು ನಕ್ಕು, ವಿದ್ಯುತ್ ಚಿಕಿತ್ಸೆ ಬೇಡವೆಂದರು. ಗುಳಿಗೆ ಹೊಂದಿಕೊಂಡ ಮೇಲೆ, ಹತ್ತು ಹದಿನೈದು ದಿನದಲ್ಲಿ, ಮನೆಗೆ.

ಗುಳಿಗೆ ಕೆಲಸ ಮಾಡಿತು. ಹನ್ನೆರಡನೆಯ ದಿನ ನಕ್ಷೆಗಾರರು ತಮ್ಮ ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಮಂಚದಿಂದ ಏಳುವುದಕ್ಕೆ ಮೊದಲು ಮೂರು ಪ್ರಯತ್ನ ಬೇಕಾಗುತ್ತಿದ್ದುದು ಒಂದಕ್ಕೆ ಇಳಿಯಿತು. ಹಾಗಾದರೆ ನನ್ನ ವಾದದ ಪ್ರಕಾರ ಮನಸ್ಸೂ ಅಷ್ಟಿಷ್ಟು ಏಳಬೇಕಲ್ಲ? ಏಳಲಿಲ್ಲ. ತಟ್ಟೆ ಬಂದ ಹಾಗೇ ಹೋಗುತ್ತಿತ್ತು. ವಾರದ ತೂಕ ಮತ್ತೆ ಇಳಿದಿತ್ತು. ನಸುಕಿನಲ್ಲೇ ಎಚ್ಚರ ಎಂದು ಸಿಸ್ಟರ ಚಾರ್ಟು ದಿನವೂ ಹೇಳುತ್ತಿತ್ತು. ಇನ್ನೂ ಒಂದು ವಾರ ಕಾಯಬೇಕು ಎಂದುಕೊಂಡೆ. ವಾದಕ್ಕೆ ಪೆಟ್ಟು ಬಿದ್ದಾಗ ಗಡುವು ಮುಂದೂಡುವುದು ಚರ್ಚಾಪಟುಗಳ ಹಳೆಯ ಉಪಾಯ. ಎದುರಾಳಿ ಮಾಡಿದರೆ ನಾನೇ ಹಿಡಿದು ಜಾಡಿಸುತ್ತಿದ್ದೆ.

ಅಡುಗೆಯವರು ಬಿಡಲಿಲ್ಲ. "ಡಾಕ್ಟ್ರೇ, ನೀವು ಸಭೆಯಲ್ಲಿ ಭಾರೀ ಮಾತಾಡಿದಿರಂತೆ. ಕೈ ನಡುಗುವ ಕಾರಣ ಅವರಿಗೆ ಬೇಸರ ಅಂತ."

"ಮತ್ತೆ?"

"ನನ್ನ ಕೈ ನೋಡಿ. ಇದರಲ್ಲಿ ದೋಸೆ ಹುಯ್ದರೆ ಭಾರತದ ನಕ್ಷೆ ಬರ್ತದೆ. ಬೇಸರ ನನಗೂ ಉಂಟು. ಆದರೆ ನಾಳೆ ತಿಂಡಿಗೆ ಎಂತ ಅಂತ ನಾನು ಕೇಳ್ತೇನೆ. ಅವರು ಕೇಳುವುದಿಲ್ಲ."

"ಸ್ವಭಾವ ಬೇರೆ ಬೇರೆ ಇರ್ತದೆ."

"ಆಯ್ತು ಬಿಡಿ," ಎಂದರು. "ನಿಮಗೆ ಉತ್ತರ ಇಲ್ಲದ ಪ್ರಶ್ನೆಯೇ ಇಲ್ಲ ಅಲ್ವ."

ಗುರುವಾರ ಬೆಳಿಗ್ಗೆ, ಸೋಮವಾರ ಮನೆಗೆ ಕಳಿಸುತ್ತೇವೆಂದು ಹೆಂಡತಿಗೆ ಹೇಳಿದೆ. ಅವರು ಪಡಸಾಲೆಯ ಬೆಂಚಿನ ಮೇಲೆ ಕುಳಿತುಬಿಟ್ಟರು.

"ಮನಿಗೆ ಒಯ್ದು ಏನ್ ಮಾಡ್ಲಿ? ಮತ್ತ ಆ ಕಟಕಟಿ ಕಾಯಬೇಕೇನು ನಾನು?"

"ಕೈ ಸುಧಾರಿಸ್ತಾ ಇದೆ ಅಮ್ಮಾ. ಕೈ ಹೋದ ದುಃಖ..."

"ಕೈ, ಕೈ, ಕೈ," ಎಂದರು ಅವರು, ದನಿ ಏರಿಸದೆ. "ಎಲ್ಲಾರೂ ಅದನ್ನ ಹೇಳ್ತೀರಿ. ಅವರು ಹಿಂಗಾಗಿದ್ದು ಕೈ ನಡಗೂಕಿಂತ ಮೊದಲ್ರಿ. ನಮ್ಮ ಚಾಳಿನ ಗಣಪತಿ ಮಂಟಪಕ್ಕ ಹದಿನಾಲ್ಕು ವರ್ಷ ಇವರದ ನಕ್ಷಿ. ವರ್ಷಾ ಹೊಸಾದು. ಹೋದ ವರ್ಷ ಮಳಿಗಾಲದಾಗ ಮಂಡಳದವರು ಕೇಳಾಕ ಬಂದ್ರ ಇವರು ಆಗೂದಿಲ್ಲ ಅಂದ್ರು. ಕಾರಣ ಹೇಳಲಿಲ್ಲ. ಸೊಕ್ಕು ಬಂದದ ಅಂತ ಚಾಳಿನವರು ಮಾತ ಬಿಟ್ರು. ಆವಾಗ ಕೈ ನೆಟ್ಟಗ ಇತ್ತು."

"ಕೈ ನಡುಗಲು ಶುರುವಾದದ್ದು ಯಾವಾಗ?"

"ಈ ವರ್ಷ, ಸಂಕ್ರಾಂತಿ ಆದಮ್ಯಾಲೆ."

ನಾನು ಮೂರು ವಾರ ಅವರ ಗಂಡನ ಮೊಣಕೈ ಮಡಚಿದ್ದೆ, ಹಣೆ ತಟ್ಟಿ ರೆಪ್ಪೆ ನೋಡಿದ್ದೆ, ವಾರವಾರ ತೂಕ ಹಾಕಿಸಿದ್ದೆ. ಈ ಒಂದು ಪ್ರಶ್ನೆ ಕೇಳಿರಲಿಲ್ಲ. ಅವತ್ತು ಮಧ್ಯಾಹ್ನ ಅವರ ಮಂಚದ ಪಕ್ಕ ಕುರ್ಚಿ ಹಾಕಿಕೊಂಡೆ. ಹೋದ ವರ್ಷ ಮಂಟಪದ ನಕ್ಷೆ ಯಾಕೆ ಬರೆಯಲಿಲ್ಲವೆಂದು ಕೇಳಿದೆ.

ಈ ಕಾಯಿಲೆಯವರ ಉತ್ತರ ತಡವಾಗಿ ಬರುತ್ತದೆ. ನನ್ನಂಥವನಿಗೆ ಸುಮ್ಮನಿರುವುದು ಕಷ್ಟ. ಸುಮ್ಮನಿದ್ದೆ.

"ಕಾಗದ ಹಾಸಿದ್ನಿ," ಎಂದರು ಕೊನೆಗೆ. "ಪೆನ್ಸಿಲ್ ಕೈಯಾಗ ತಗೊಂಡ್ನಿ. ಏನೂ ಬ್ಯಾಡ ಅನಿಸ್ತು. ಮಡಚಿ ಇಟ್ಟೆ."

"ಕೈ ನಡುಗುತ್ತಿತ್ತೇ?"

"ಕೈಗೇನಾಗಿತ್ತು ಆವಾಗ. ಕೈ ಭೇಷ ಇತ್ತು." ಗೋಡೆಯ ಕಡೆ ತಿರುಗಿದರು. "ನಾ ಒಂದು ತಪ್ಪು ಮಾಡೇನ್ರಿ. ಎಂಟು ವರ್ಷದ ಹಿಂದ, ಗೋದಾಮಿನ ಹಿಂದಿನ ಚರಂಡಿ. ಇಳಿಜಾರು ಉಲ್ಟಾ ಬರದೇನಿ. ಒಂದಿನ ನೀರು ತುಂಬಿ ಕೂಲಿಯವರು ಸಾಯ್ತಾರ. ಅದಕ್ಕ ನನಗ ಈ ಶಿಕ್ಷಾ."

ಮನೋವೈದ್ಯರು ಸಭೆಯಲ್ಲಿ ಹೇಳಿದ ದೊಡ್ಡ ತಪ್ಪು ಇದೇ ಇರಬೇಕು. ಅದನ್ನು ನಾನು ಮಾತಿನ ಅಲಂಕಾರವೆಂದು ತಳ್ಳಿಹಾಕಿದ್ದೆ.

ಹೆಂಡತಿಯ ನೆನಪು ತಪ್ಪಿರಬಹುದು; ಖಿನ್ನನಾದವನು ಹಿಂದಿನದ್ದನ್ನೆಲ್ಲ ಕಪ್ಪಾಗಿಯೇ ನೋಡುತ್ತಾನೆ. ಇಬ್ಬರ ಮಾತನ್ನೂ ಹಾಗೇ ಒಪ್ಪಿಕೊಳ್ಳುವುದು ನನ್ನ ಜಾಯಮಾನವಲ್ಲ. ಆದರೆ ಈ ಮನುಷ್ಯ ಮಾಡಿದ ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಇರುತ್ತದಲ್ಲ. ಶುಕ್ರವಾರ ಹೊರರೋಗಿಗಳ ಕೆಲಸ ಮುಗಿಸಿ, ಹಾರ್ಬರ್ ಲೈನಿನ ಲೋಕಲ್ ಹಿಡಿದು ವಡಾಲಕ್ಕೆ ಹೋದೆ.

ಅವರ ಕಚೇರಿಯ ಮುಖ್ಯ ನಕ್ಷೆಗಾರ ವಯಸ್ಸಾದ ಪಾರಸಿ. ನಾನು ಬಂದ ಕಾರಣ ಕೇಳಿ ಕನ್ನಡಕ ತೆಗೆದು ಒರೆಸಿದರು. "ಡಾಕ್ಟರ್ ಸಾಬ್, ಐಸಾ ಹಾಥ್ ಪೂರಾ ಆಫೀಸ್ ಮೇ ಕಿಸೀಕಾ ನಹೀಂ ಥಾ," ಎಂದರು. ಇಡೀ ಕಚೇರಿಯಲ್ಲಿ ಅಂಥ ಕೈ ಇನ್ನೊಬ್ಬರದ್ದಿರಲಿಲ್ಲವಂತೆ. ಅಗಲವಾದ ಡ್ರಾಯರುಗಳಿಂದ ಎರಡು ವರ್ಷದ ಹಾಳೆಗಳನ್ನು ತೆಗೆಸಿ, ತಾರೀಖಿನ ಪ್ರಕಾರ ಇಳಿಜಾರು ಮೇಜಿನ ಮೇಲೆ ಹರಡಿಸಿದರು. ಆ ಕಚೇರಿಯಲ್ಲಿ ಟಿಪ್ಪಣಿಯ ಅಕ್ಷರ ಒಂದು ಇಂಚಿನ ಎಂಟನೇ ಒಂದು ಭಾಗದ ಎತ್ತರ ಇರಬೇಕೆಂದು ಕಟ್ಟಳೆ. ಮೇಲೊಂದು ಕೆಳಗೊಂದು ತೆಳು ಪೆನ್ಸಿಲ್ ಗೆರೆ ಎಳೆದು, ಅಕ್ಷರ ಎರಡನ್ನೂ ಮುಟ್ಟುವಂತೆ ಮಸಿಯಲ್ಲಿ ಬರೆಯುತ್ತಾರೆ. ನಾನು ಸ್ಕೇಲು ಹಿಡಿದು ಅಳೆದೆ. ಪ್ರತಿ ಹಾಳೆಯಿಂದ ಹತ್ತು ಅಕ್ಷರ, ಸಾಲಿನ ಮೊದಲಲ್ಲಿ ಐದು, ಕೊನೆಯಲ್ಲಿ ಐದು.

ಹೋದ ವರ್ಷದ ಜುಲೈ: ಎರಡೂ ಗೆರೆ ಮುಟ್ಟಿತ್ತು. ಆಗಸ್ಟ್, ಅಕ್ಟೋಬರ್, ಡಿಸೆಂಬರ್: ಮುಟ್ಟಿತ್ತು. ಈ ವರ್ಷದ ಫೆಬ್ರವರಿಯಲ್ಲಿ ಮೊದಲ ಸಲ ಸಾಲಿನ ಕೊನೆಯ ಅಕ್ಷರಗಳು ಮೇಲಿನ ಗೆರೆಯಿಂದ ಕೆಳಗೆ ಸರಿದಿದ್ದವು. ಏಪ್ರಿಲ್ ಹೊತ್ತಿಗೆ ಅರ್ಧಕ್ಕಿಳಿದಿದ್ದವು. ಗಣಪತಿ ಮಂಟಪಕ್ಕೆ ಅವರು ಇಲ್ಲವೆಂದದ್ದು ಜುಲೈಯಲ್ಲಿ. ಅವತ್ತಿನ ಹಾಳೆ ನನ್ನ ಮುಂದಿತ್ತು, ಅಚ್ಚು ಹಾಕಿದ ಹಾಗೆ.

"ಇನ್ನೊಂದು," ಎಂದೆ. ಚರಂಡಿಯ ವಿಷಯ ಹೇಳಿದೆ. ಹಿರಿಯರು ಹಳೆಯ ಕಟ್ಟಿನಿಂದ ಆ ಹಾಳೆಯನ್ನು ತಾವೇ ಹುಡುಕಿ ತಂದು, ಎರಡು ತುದಿಯ ಮಟ್ಟದ ಅಂಕಿಗಳ ಮೇಲೆ ಬೆರಳಿಟ್ಟು, ಕಳೆದು ತೋರಿಸಿದರು. ಇಳಿಜಾರು ಸರಿಯಾಗಿಯೇ ಇತ್ತು. ಎಂಟು ಮಳೆಗಾಲ ನೀರು ಸರಿಯಾದ ದಿಕ್ಕಿನಲ್ಲೇ ಹರಿದಿತ್ತು.

ವಾಪಸು ಬರುವಾಗ ರೈಲಿನಲ್ಲಿ ನನ್ನ ವಿರುದ್ಧ ನಾನೇ ವಾದ ಕಟ್ಟಿದೆ. ಅಕ್ಷರ ಗಟ್ಟಿಯಾಗಿದ್ದರೂ ಒಳಗೆ ಏನೋ ಕೆಟ್ಟಿದೆಯೆಂದು ಅವರಿಗೆ ಮೊದಲೇ ತಿಳಿದಿರಬಹುದಲ್ಲ? ಇರಬಹುದು. ಒಬ್ಬ ರೋಗಿಯಿಂದ ನಿಯಮ ಹೇಳಲಾಗದು, ನಿಜ. ಆದರೆ ಇದು ಸಭೆಯಲ್ಲಿ ನನ್ನ ಎದುರಾಳಿಯ ಕೈಯಲ್ಲಿದ್ದಿದ್ದರೆ ನಾನು ಸೋಲುತ್ತಿದ್ದೆ. ಮತ್ತು ಸೋಮವಾರ ಮನೆಗೆ ಹೋಗುವವರು ನಾನಲ್ಲ, ಅವರು. ಮೂರನೇ ಮಾಳಿಗೆಗೆ.

ಮರುದಿನ ಶನಿವಾರ. ಪಟ್ಟಿಯಲ್ಲಿ ಇಲ್ಲದಿದ್ದರೂ ಎದ್ದು ನಿಂತು, ಎರಡು ವಾರದ ಹಿಂದಿನ ಪ್ರಕರಣವನ್ನು ಮತ್ತೆ ತೆರೆಯಬೇಕೆಂದು ಕೇಳಿದೆ.

"ಗೆದ್ದವನು ಅಪೀಲು ಹಾಕುವುದನ್ನ ನಾನು ಇದೇ ಮೊದಲು ನೋಡ್ತಿರೋದು," ಎಂದರು ಮುಖ್ಯ ವೈದ್ಯರು. "ಅವತ್ತಿನ ವಾದದಲ್ಲಿ ತಪ್ಪೆಲ್ಲಿ? ಅದನ್ನ ಹೇಳು."

"ತಾರೀಖಿನಲ್ಲಿ ಸರ್. ದುಃಖಕ್ಕೆ ನಾನು ಕೊಟ್ಟ ಕಾರಣ ದುಃಖಕ್ಕಿಂತ ಏಳು ತಿಂಗಳು ಚಿಕ್ಕದು."

ಅಳತೆಯ ಕಾಗದವನ್ನು ಅವರ ಮುಂದಿಟ್ಟೆ. ಗುಳಿಗೆಯಿಂದ ಬಿಗಿತ ಇಳಿದರೂ ತೂಕ ಇಳಿಯುತ್ತಲೇ ಇದೆ ಎಂದೆ. ಇಲ್ಲದ ತಪ್ಪಿನ ಚರಂಡಿಯ ಬಗ್ಗೆ ಹೇಳಿದೆ.

"ರಕ್ತದೊತ್ತಡಕ್ಕೆ ಸರ್ಪಗಂಧದ ಗುಳಿಗೆ ಯಾರಾದರೂ ಕೊಟ್ಟಿದ್ದರೇನು? ಅದರಿಂದ ನಡುಕವೂ ಬರಬಹುದು, ಖಿನ್ನತೆಯೂ ಬರಬಹುದು."

"ಕೇಳಿದ್ದೇನೆ. ಹೆಂಡತಿ ಮನೆಯ ಬಾಟಲಿಗಳನ್ನೆಲ್ಲ ಚೀಲದಲ್ಲಿ ತಂದು ತೋರಿಸಿದರು. ಇಲ್ಲ."

ಈ ಸಲ ಯಾರೂ ಮೇಜು ಕುಟ್ಟಲಿಲ್ಲ. ಮುಖ್ಯ ವೈದ್ಯರು ಮನೋವೈದ್ಯರ ಕಡೆ ನೋಡಿದರು. ಅವರು, "ಮಂಗಳವಾರ ಶುರು ಮಾಡೋಣ," ಎಂದರು. ಹೊರಗೆ ಬಂದಾಗ ನನ್ನ ಜೊತೆ ನಡೆಯುತ್ತ, "ಅವತ್ತು ನೀವು ಚೆನ್ನಾಗಿ ಮಾತಾಡಿದಿರಿ," ಎಂದರು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಹೆಂಡತಿ ರುಜು ಹಾಕಲು ಒಪ್ಪಿದರು. ನಕ್ಷೆಗಾರರನ್ನೂ ಕೇಳಬೇಕೆಂದು ನಾನು ಹಟ ಹಿಡಿದೆ. ಮೂಳೆಗೆ ಪೆಟ್ಟಾಗದಂತೆ ನಿದ್ದೆಯ ಇಂಜೆಕ್ಷನ್ನು, ಮೇಲೆ ಸ್ನಾಯು ಸಡಿಲಿಸುವ ಇಂಜೆಕ್ಷನ್ನು ಕೊಡುತ್ತೇವೆ, ಸ್ವಲ್ಪ ದಿನ ಮರೆವು ಬರಬಹುದು, ಎಂದು ಬಿಡಿಸಿ ಹೇಳಿದೆ.

"ನನ್ನ ಮ್ಯಾಲೆ ಯಾಕ ವ್ಯಾಳ್ಯಾ ಹಾಳ ಮಾಡ್ತೀರಿ," ಎಂದರು. ಆಮೇಲೆ, "ಮಾಡ್ರಿ."

ವಾರಕ್ಕೆ ಎರಡರಂತೆ ಆರು ಸಲ. ಬೆಳಿಗ್ಗೆ ಬರಿಹೊಟ್ಟೆ, ಕಟ್ಟಿಸಿದ ಎರಡು ಹಲ್ಲು ತೆಗೆದು ಲೋಟದಲ್ಲಿ. ಅರಿವಳಿಕೆಯವರು ಎರಡು ಸೂಜಿ ಕೊಟ್ಟು ಆಮ್ಲಜನಕದ ಚೀಲ ಒತ್ತುತ್ತಿದ್ದರು. ಹಲ್ಲಿನ ನಡುವೆ ರಬ್ಬರಿನ ತುಂಡಿಟ್ಟು ದವಡೆ ಹಿಡಿಯುವುದು ನನ್ನ ಕೆಲಸ. ಮೂಳೆ ಮುರಿಯುತ್ತದೆಂದು ನಾನು ಸಭೆಯಲ್ಲಿ ಹೆದರಿಸಿದ್ದ ಸೆಳೆತವೆಲ್ಲ ಕಾಲ್ಬೆರಳಿನ ತುದಿಯಲ್ಲಿ ಸಣ್ಣಗೆ ಮಿಡಿದು ಮುಗಿಯುತ್ತಿತ್ತು. ಮೊದಲ ಎರಡಕ್ಕೆ ಏನೂ ಆಗಲಿಲ್ಲ. ತಲೆನೋವು, ತಮ್ಮ ಮಂಚ ಯಾವುದೆಂಬ ಗೊಂದಲ, ಅಷ್ಟೆ. ಹೆಂಡತಿ ನನ್ನ ಮುಖ ನೋಡುತ್ತಿದ್ದರು, ನಾನು ಕಾಗದ ನೋಡುತ್ತಿದ್ದೆ. ಮೂರನೆಯದರ ಮರುದಿನ ಐದೂವರೆಯವರೆಗೆ ನಿದ್ದೆ ಎಂದು ಚಾರ್ಟು ಹೇಳಿತು. ನಾಲ್ಕನೆಯದಾದ ಮೇಲೆ ತಟ್ಟೆ ಅರ್ಧ ಖಾಲಿಯಾಗಿ ಬಂತು. ಐದನೆಯದರ ಮರುದಿನ ನಾನು ವಾರ್ಡಿಗೆ ಹೋದಾಗ ಮಂಚದ ಕಾಲಿಗೆ ನೇತುಹಾಕಿದ್ದ ಜ್ವರದ ಚಾರ್ಟು ಅವರ ಕೈಯಲ್ಲಿತ್ತು.

"ಈ ಗೆರಿ ಯಾರು ಎಳದಾರ?"

"ನಾನೇ ಇರಬೇಕು."

"ಆಸ್ಪತ್ರ್ಯಾಗ ಸ್ಕೇಲ್ ಇಲ್ಲೇನು?"

ಪಕ್ಕದ ಮಂಚದಿಂದ ಅಡುಗೆಯವರು, "ಬಿಡಬೇಡಿ ಅವರನ್ನ," ಎಂದರು. "ಸರಿಯಾಗಿ ಕೇಳಿ."

ಚರಂಡಿಯ ಬಗ್ಗೆ ಕೇಳಿದೆ. ಯಾವ ಚರಂಡಿ ಎಂದರು. ಮತ್ತೆ, ಅದು ಸರಿಯಾಗಿತ್ತು, ತಾನೇ ಮೂರು ಸಲ ತಾಳೆ ನೋಡಿದ್ದೆ ಎಂದರು. ಅವರ ಹೆಂಡತಿ ಹತ್ತಿರದಲ್ಲೇ ನಿಂತು ಸೀರೆಯ ಸೆರಗಿನಿಂದ ಲೋಟ ಒರೆಸುತ್ತಿದ್ದರು, ಒರೆಸಿದ್ದನ್ನೇ ಮತ್ತೆ ಮತ್ತೆ.

ಆ ಚಿಕಿತ್ಸೆಯಿಂದ ಕೆಲವು ದಿನ ಅವರ ಬಿಗಿತವೂ ಇಳಿಯಿತು. ಅದು ಉಳಿಯುವುದಿಲ್ಲವೆಂದು ಮನೋವೈದ್ಯರು ನನಗೆ ಹೇಳಿದ್ದರು. ನಾನು ನಕ್ಷೆಗಾರರಿಗೆ ಹೇಳಿರಲಿಲ್ಲ, ಹೇಳಬೇಕಿತ್ತು. ಆರನೆಯದು ಮುಗಿದ ಒಂದು ವಾರಕ್ಕೆ, ಮನೆಗೆ ಹೋಗುವ ಹಿಂದಿನ ದಿನ, ಹೆಂಡತಿಯಿಂದ ಸ್ಕೇಲು ಪೆನ್ಸಿಲು ತರಿಸಿಕೊಂಡು ಅವರು ಒಂದು ಕಾಗದದ ಮೇಲೆ ಎರಡು ಗೆರೆ ಎಳೆದರು. ನಡುವೆ ತಮ್ಮ ಹೆಸರು ಬರೆದರು. ಮೊದಲ ಅಕ್ಷರ ಎರಡೂ ಗೆರೆ ಮುಟ್ಟಿತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಪೆನ್ಸಿಲು ಕೆಳಗೆ ಜಾರಿತ್ತು. ಇನ್ನೊಮ್ಮೆ ಬರೆದರು. ಇನ್ನೊಮ್ಮೆ. ನಾನು ಬಂದದ್ದು ಆಗ.

"ಕೈ ಯಾವಾಗ ನೆಟ್ಟಗಾಗ್ತದ, ಡಾಕ್ಟರ್ರ?"

ಚರ್ಚೆಯಲ್ಲಿ ಇಂಥ ಪ್ರಶ್ನೆಗೆ ಹತ್ತು ದಾರಿಗಳಿವೆ. "ಆಗೂದಿಲ್ಲ," ಎಂದೆ. "ಗುಳಿಗೆಯಿಂದ ಗುಂಡಿ ಹಾಕಿಕೊಳ್ಳಬಹುದು, ಊಟ ಮಾಡಬಹುದು. ಮೊದಲಿನ ಕೈ ಬರೂದಿಲ್ಲ."

ಅವರು ಕಾಗದ ನೋಡುತ್ತ ಕುಳಿತರು. ಅಲುಗದ ಆ ಮುಖದ ಮೇಲೆ ನೀರು ಇಳಿಯತೊಡಗಿತು. ಈ ಒಂದೂವರೆ ತಿಂಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಹೆಂಡತಿ ಗಾಬರಿಯಾಗಿ ನನ್ನ ಕಡೆ ತಿರುಗಿದರು. ಸಿಸ್ಟರು ಮೇಜಿನ ಹಿಂದಿನಿಂದ ಎದ್ದು ಬಂದು, ಮನೋವೈದ್ಯರಿಗೆ ಚೀಟಿ ಕಳಿಸಲೇ, ಮಂಗಳವಾರದ ಪಟ್ಟಿಗೆ ಮತ್ತೆ ಹೆಸರು ಸೇರಿಸಲೇ ಎಂದು ಮೆಲ್ಲಗೆ ಕೇಳಿದರು.

ನಾನು ಒಂದು ಕ್ಷಣ ಯೋಚಿಸಿದೆ. ಬೆಳಿಗ್ಗೆ ಅವರು ಎರಡು ಇಡ್ಲಿ ತಿಂದಿದ್ದರು. ರಾತ್ರಿ ನಿದ್ದೆ ಮಾಡಿದ್ದರು. ಎದುರಿಗೆ ಕಳೆದುಕೊಂಡದ್ದೇನೆಂಬುದು ಕಾಗದದ ಮೇಲೆ ಸ್ಪಷ್ಟವಾಗಿತ್ತು. "ಬೇಡ ಸಿಸ್ಟರ್," ಎಂದೆ. "ಇದು ಅದಲ್ಲ."

ನಕ್ಷೆಗಾರರು ಕಣ್ಣು ಒರೆಸಿಕೊಳ್ಳಲಿಲ್ಲ. "ಇದಕ್ಕೂ ಕರೆಂಟ್ ಕೊಡ್ತೀರೇನು ಮತ್ತ?"

"ಇಲ್ಲ."

"ಗುಳಗಿ?"

"ಇಲ್ಲ."

"ಹಂಗಾರ ಕೂಡ್ರಿ ಒಂದೀಟ," ಎಂದರು.

ಕುರ್ಚಿ ಎಳೆದುಕೊಂಡು ಕುಳಿತೆ.